ಗುರ್ ಅನ್ನೋದ್ಯಾಕ್ರಿ ಡಾಕ್ಟರಮ್ಮಾ?

ಎಮ್ಮೆ ಒದ್ದರೆ ನಮ್ಮ ಕಡೆ ಯಾರಿಗೂ ಬೇಜಾರಿಲ್ಲ. ಎಮ್ಮೆ ಅಂದಮೇಲೆ ಒದೆಯುವುದೇ. ಟಗರು ಗುಮ್ಮಿದರೂ ಜನ ನಕ್ಕು, ಮೈ ಜಾಡಿಸಿಕೊಂಡು ಏಳುತ್ತಾರೆ. ಆದರೆ ಮನೆಯಲ್ಲಿ ಸಾಕಿದ ನಾಯಿ ಒಮ್ಮೆ ಗುರ್ ಅಂದರೆ ಮುಗಿಯಿತು, ಇಡೀ ಮನೆ ಎದ್ದು ನನ್ನ ಆಸ್ಪತ್ರೆಗೆ ಬರುತ್ತದೆ. "ಅನ್ನ ಹಾಕಿದ ಕೈಗೇ ಗುರ್ ಅಂತೈತ್ರಿ ಡಾಕ್ಟರಮ್ಮಾ!" ಅನ್ನುವಾಗ ಅವರ ದನಿಯಲ್ಲಿ ಹೆತ್ತ ಮಗನೇ ಕೋರ್ಟಿಗೆ ಎಳೆದಂಥ ಸಂಕಟ.

ನಾನು ದನದ ಡಾಕ್ಟರು. ಮಸ್ಕಿ, ಲಿಂಗಸುಗೂರು, ಸಿಂಧನೂರು, ಈ ಮೂರರ ನಡುವೆಯೇ ವರ್ಗವಾಗುತ್ತಾ ನನ್ನ ನೌಕರಿ ಸಾಗಿದೆ. ಮೊದಲೆಲ್ಲ ಆಕಳು, ಎಮ್ಮೆ, ಕುರಿ ಅಷ್ಟೇ ಬರುತ್ತಿದ್ದವು. ಈಗ ಓಣಿಗೆ ನಾಲ್ಕು ಸಾಕುನಾಯಿ. ಗುರ್ ಅನ್ನುವುದು ಸೊಕ್ಕಲ್ಲ, ನಾಯಿಗೆ ಬರುವ ಭಾಷೆಯಲ್ಲಿ 'ಸ್ವಲ್ಪ ತಡೀರಿ' ಅನ್ನುವುದು ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಆದರೂ ಇಂಥ ಪ್ರಸಂಗಗಳು ನಿಂತಿಲ್ಲ. ನಿಂತರೆ ನನಗೇ ಹೊತ್ತು ಹೋಗಲಿಕ್ಕಿಲ್ಲ.

ತಾಟಿನೊಳಗಿನ ಕೈ

ಲಿಂಗಸುಗೂರಿನ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟ ಸಾಹುಕಾರರೊಬ್ಬರು ಒಂದು ಮುಂಜಾನೆ ಬಿಳಿ ಉಣ್ಣೆಯ ಉಂಡೆಯಂಥ ನಾಯಿಯನ್ನು ಕಂಕುಳಲ್ಲಿ ಒತ್ತಿಕೊಂಡು ಬಂದರು. ಹೆಸರು ಪಿಂಕಿ. ಗಂಡು ನಾಯಿ.

"ಡಾಕ್ಟರಮ್ಮಾ, ಇದಕ ಏನರ ಇಂಜೆಕ್ಷನ್ ಐತೇನ್ರಿ? ನನಗ ಗುರ್ ಅಂತೈತಿ."

"ಯಾವಾಗ ಅಂತೈತಿ?"

"ಉಣ್ಣೂ ಮುಂದ."

"ಅದು ಉಣ್ಣೂ ಮುಂದ ನೀವೇನ್ ಮಾಡ್ತಿರ್ತೀರಿ?"

"ಏನಿಲ್ರಿ. ತಾಟಿನ್ಯಾಗ ಕೈ ಇಡ್ತೀನಿ."

"ಯಾಕ್ರಿ?"

ಸಾಹುಕಾರರು ನನ್ನ ಅಜ್ಞಾನಕ್ಕೆ ಮರುಗಿದವರಂತೆ ಮುಖ ಮಾಡಿದರು. "ಫೋನಿನ್ಯಾಗ ತೋರಿಸ್ಯಾರ್ರಿ. ನಾಯಿ ಉಣ್ಣೂ ಮುಂದ ತಾಟಿನ್ಯಾಗ ಕೈ ಹಾಕಬೇಕು, ನಡುವ ಕಸಗೋಬೇಕು. ಆಗ ಮಾಲಕ ಯಾರು ಅಂತ ಅದಕ ಖಾತ್ರಿ ಆಗ್ತೈತಂತ."

"ನಿಮ್ಮ ಅಂಗಡ್ಯಾಗ ದಿನಾ ಒಬ್ಬ ಬಂದು ಗಲ್ಲಾಪೆಟ್ಟಿಗ್ಯಾಗ ಕೈ ಹಾಕಿದ್ರ ನಿಮಗೇನ್ ಖಾತ್ರಿ ಆಗ್ತೈತ್ರಿ?"

"ಕಳ್ಳ ಅಂತ ಖಾತ್ರಿ ಆಗ್ತೈತಿ," ಅಂದರು ಥಟ್ಟನೆ. ಅಂದವರು ಪಿಂಕಿಯ ಮುಖ ನೋಡಿದರು. ಪಿಂಕಿ ಬೇರೆ ಕಡೆ ನೋಡಿತು.

ನಾನು ಉಪಾಯ ಹೇಳಿದೆ. ಉಣ್ಣುವಾಗ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಅದು ಗುರ್ ಅನ್ನದಷ್ಟು ದೂರದಲ್ಲಿ ನಿಂತು ಒಂದು ಬೆಣ್ಣೆ ಹಚ್ಚಿದ ರೊಟ್ಟಿ ಚೂರು ತಾಟಿನ ಕಡೆ ಒಗೆದು ನಿಮ್ಮ ಪಾಡಿಗೆ ಹೋಗಿಬಿಡಿ. ದಿನಾ ಹೀಗೇ ಮಾಡಿ. ಈ ಮನುಷ್ಯ ಬಂದರೆ ತಾಟಿನಿಂದ ಹೋಗುವುದಿಲ್ಲ, ತಾಟಿಗೆ ಬರುತ್ತದೆ ಅಂತ ಅದಕ್ಕೆ ಭರವಸೆ ಹುಟ್ಟಲಿ. ಸಾಹುಕಾರರು ಅರೆಮನಸ್ಸಿನಿಂದ ತಲೆ ಆಡಿಸಿ ಹೋದರು.

ಮುಂದೊಂದು ದಿನ ಲಸಿಕೆ ಹಾಕಿಸಲು ಗಂಡ ಹೆಂಡತಿ ಇಬ್ಬರೂ ಪಿಂಕಿಯನ್ನು ಕರೆದುಕೊಂಡು ಬಂದರು. "ಈಗ ಹೆಂಗೈತ್ರಿ?" ಅಂದೆ.

ಹೆಂಡತಿಯೇ ಬಾಯಿ ತೆರೆದರು. "ಪಿಂಕಿದು ಭೇಷ್ ಆಗೈತ್ರಿ ಅಕ್ಕಾರ. ಇವರು ಸನೇಕ ಬಂದ್ರ ಉಣ್ಣೂದು ಬಿಟ್ಟು ಬಾಲ ಅಲ್ಲಾಡಸ್ತೈತಿ. ಈಗ ಇವರದಷ್ಟ ಉಳದೈತ್ರಿ. ನಿನ್ನಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನಾಕತ್ತಿದ್ರು. ತಾಟಿನ್ಯಾಗಿಂದ ಒಂದ ಮಿರ್ಚಿ ತಗೊಂಡ್ನಿರಿ, ಒಂದ! ಪಿಂಕಿಗಿಂತ ಜೋರ್ ಗುರ್ ಅಂದ್ರು."

ಸಾಹುಕಾರರು ನೆಲ ನೋಡುತ್ತಾ ನಿಂತರು. ನಾನು ಹೇಳಿದೆ, "ಅದಕ್ಕೂ ಅದ ಔಷಧರೀ ಯವ್ವಾ. ದೂರ ನಿಂತು ಇನ್ನೊಂದು ಮಿರ್ಚಿ ಒಗದು ನಿಮ್ಮ ಪಾಡಿಗೆ ನೀವು ಹೋಗಿಬಿಡ್ರಿ."

ಗುರುಗುಂಟಾದ ಗುರುಗಳು

ಗುರುಗುಂಟಾದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಊರೆಲ್ಲ ಅವರನ್ನು ಗುರುಗಳು ಅಂತಲೇ ಕರೆಯುತ್ತದೆ. ಊರ ಹೊರಗೆ ಹೊಲದ ಪಕ್ಕ ಮನೆ ಕಟ್ಟಿಸಿಕೊಂಡು, ಕಾವಲಿಗೆ ಇರಲಿ ಅಂತ ದೂರದಿಂದ ಒಂದು ದೊಡ್ಡ ಲ್ಯಾಬ್ರಡಾರ್ ತರಿಸಿ ರಾಜಾ ಅಂತ ಹೆಸರಿಟ್ಟರು. ಮೈ ನೋಡಿದರೆ ಕರುವಿನಷ್ಟಿದೆ. ಮನಸ್ಸು ಮಾತ್ರ ಬೆಲ್ಲ. ಬಂದವರನ್ನೆಲ್ಲ ನೆಕ್ಕುವುದು, ಬಿಟ್ಟ ಚಪ್ಪಲಿ ಕಚ್ಚಿಕೊಂಡು ಒಳಗೆ ಹೋಗಿ ಗುರುಗಳ ಹಾಸಿಗೆಯ ಮೇಲೆ ಜೋಡಿಸುವುದು, ಇದೇ ಅದರ ಕಾವಲು.

"ಎಲ್ಲರೂ ನಾಯಿ ಗುರ್ ಅಂತೈತಿ ಅಂತ ಬರ್ತಾರ," ಅಂದರು ಗುರುಗಳು ನನ್ನೆದುರು ಕೂತು. "ನನ್ನದು ಉಲ್ಟಾ ಕೇಸ್. ಗುರ್ ಅನ್ನೂದ ಇಲ್ಲ. ಅನ್ನಸೂ ಔಷಧ ಐತೇನ್ರಿ?"

ಅಂಥ ಔಷಧ ಇಲ್ಲ, ಇದ್ದರೂ ಕೊಡುವುದಿಲ್ಲ ಅಂದೆ. ಯಾರ ಬಗ್ಗೆಯೂ ಅಂಜಿಕೆ ಇಲ್ಲದ ನಾಯಿ ಅದು, ಬೇಕಂತಲೇ ಕೆರಳಿಸಿದರೆ ನಾಳೆ ಯಾವುದೋ ಮಗುವನ್ನು ಹಿಡಿದೀತು, ನೀವೇ ಪುಣ್ಯವಂತರು ಅಂದೆ. ಗುರುಗಳಿಗೆ ಸಮಾಧಾನವಾಗಲಿಲ್ಲ. "ಊರಿನ ಹೆಸರಿನ್ಯಾಗ ಗುರ್ ಐತಿ. ನನ್ನ ಹೆಸರಿನ್ಯಾಗ ಗುರ್ ಐತಿ. ನಾಯ್ಯಾಗಷ್ಟ ಇಲ್ಲಂದ್ರ ಹೆಂಗ್ರಿ?" ಅಂತ ನಿಟ್ಟುಸಿರು ಬಿಟ್ಟು ಎದ್ದರು.

ಮುಂದೆ ಕುರಿಗಳ ಲಸಿಕೆಗೆ ಅಂತ ಗುರುಗುಂಟಾಕ್ಕೆ ಹೋದಾಗ, ಗುರುಗಳ ಮನೆ ಕಡೆ ತಿರುಗಿದ ನನ್ನನ್ನು ಕುರಿಗಾರರು ತಡೆದರು. "ಆ ಕಡೆ ಒಬ್ಬರ ಹೋಗಬ್ಯಾಡ್ರಿ ಮೇಡಮ್ಮಾರ. ಗುರುಗಳ ನಾಯಿ ಬಾಳ ಕೆಟ್ಟೈತಿ. ಗೇಟ್ ಮುಟ್ಟಾಕ ಬಿಡಂಗಿಲ್ಲ."

ಪಾಪದ ನಾಯಿಗೆ ಗುರುಗಳು ಏನು ಮಾಡಿದರೋ, ಹೊಡೆದರೋ, ಕತ್ತಲಲ್ಲಿ ಕಟ್ಟಿಹಾಕಿದರೋ ಅಂತ ಅವಸರದಲ್ಲಿ ಹೋದೆ. ಗೇಟಿಗೆ ಕೈ ಇಟ್ಟೆನೋ ಇಲ್ಲವೋ, ಗೋಡೆಯ ಹಿಂದಿನಿಂದ ಬಂತು: "ಗುರ್ರ್ರ್ರ್..." ಅಷ್ಟು ದಪ್ಪ ಗುರ್ ನಾನು ನನ್ನ ಸರ್ವಿಸಿನಲ್ಲೇ ಕೇಳಿರಲಿಲ್ಲ. ಇಟ್ಟ ಕೈ ಹಿಂದಕ್ಕೆ ಎಳೆದುಕೊಂಡೆ.

ಅಷ್ಟರಲ್ಲಿ ರಾಜಾ ಅಂಗಳದ ಆಚೆಯಿಂದ ಕುಣಿಯುತ್ತಾ ಬಂದು ಗೇಟಿನ ಸಂದಿಯಲ್ಲಿ ಮೂತಿ ತೂರಿಸಿತು. ಬಾಲ ಗಾಳಿಪಟದ ಬಾಲಂಗೋಚಿಯಂತೆ ಆಡುತ್ತಿತ್ತು. ಬಾಯಲ್ಲಿ ಯಾರದೋ ಚಪ್ಪಲಿ. ಗುರ್ ಮಾತ್ರ ಗೋಡೆಯ ಹಿಂದಿನಿಂದ ಇನ್ನೂ ಬರುತ್ತಲೇ ಇತ್ತು.

ಕಾಲ್ಬೆರಳ ಮೇಲೆ ನಿಂತು ಗೋಡೆಯಾಚೆ ಬಗ್ಗಿ ನೋಡಿದೆ. ನೀರಿನ ಟಾಕಿಯ ಮಗ್ಗುಲಲ್ಲಿ ಗುರುಗಳು ಧೋತರ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು ಕೆಮ್ಮಿ, ಎದ್ದು, ಧೂಳು ಝಾಡಿಸಿಕೊಂಡರು.

"ಏನ್ ಮಾಡೂದ್ರೀ," ಅಂದರು. "ಸರ್ವಿಸ್ ಪೂರ್ತಿ ಹುಡುಗುರನ್ನ ಅಂಜಿಸಿದ ಗಂಟಲ. ರಿಟೈರ್ ಆತಂತ ಸುಮ್ನ ಯಾಕ ಕೆಡಿಸೂದು?"

ಯಾರು ಕಲಿಸಿದರು?

ಮಸ್ಕಿಯ ಆಸ್ಪತ್ರೆಗೆ ಒಮ್ಮೆ ಒಂದೇ ಆಟೋದಲ್ಲಿ ಅತ್ತೆ, ಸೊಸೆ, ನಡುವೆ ಮಗ, ಮಗನ ತೊಡೆಯ ಮೇಲೆ ಸೋನು ಅನ್ನುವ ಕಂದು ನಾಯಿ ಬಂದಿಳಿದರು. ಸೊಸೆ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಶಾಲೆಯೊಂದರಲ್ಲಿ ಗುಮಾಸ್ತೆ. ಅತ್ತೆ, ಸೊಸೆ ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು. ಮಾತೆಲ್ಲ ನನ್ನ ಮೂಲಕವೇ ನಡೆಯಿತು.

"ಮೇಡಂ, ಸೋನು ಮನ್ಯಾಗ ಯಾರಿಗೂ ಗುರ್ ಅನ್ನಂಗಿಲ್ಲ. ನನಗಷ್ಟ ಅಂತೈತಿ. ಯಾರು ಕಲಿಸ್ಯಾರ ಅಂತ ಕೇಳ್ರಿ," ಅಂದಳು ಸೊಸೆ.

"ಡಾಕ್ಟರಮ್ಮಾ, ನಾಯಿಗೆ ಯಾರೂ ಕಲಸಬೇಕಾಗಿಲ್ಲ, ಅದಕ ಮನಶ್ಯಾರ ಗುಣ ತಿಳಿತೈತಿ ಅಂತ ಹೇಳ್ರಿ."

ಮಗ ನನ್ನನ್ನು ನೋಡಿದ. ಅವನ ಕಣ್ಣುಗಳು 'ನನ್ನನ್ನೂ ಇಲ್ಲೇ ಅಡ್ಮಿಟ್ ಮಾಡಿಕೊಳ್ಳಿ' ಅನ್ನುತ್ತಿದ್ದವು. ಮನೆಯಲ್ಲಿ ಒಲೆ ಎರಡಾಗುವ ಮಾತು ನಡೆದಿದೆ ಅಂತ ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ಇಬ್ಬರೂ ಮನ್ಯಾಗ ಹೆಂಗ ಮುಟ್ತೀರಿ ಹಂಗ ಮುಟ್ರಿ ನೋಡೂಣು," ಅಂದೆ.

ಅತ್ತೆ ಎದ್ದು ಬಂದು ಸೋನುವಿನ ಬೆನ್ನ ಮೇಲೆ ಎರಡು ಸಲ ಕೈಯಾಡಿಸಿ, ಸಾಕ್ಷಿ ಹೇಳಿ ಮುಗಿಸಿದವರಂತೆ ಹೋಗಿ ಕೂತರು. ಸೋನು ಬಾಲ ಅಲ್ಲಾಡಿಸಿತು. ಆಮೇಲೆ ಸೊಸೆ ಬಂದು ಕೆಳಗೆ ಕೂತಳು. ಕೂಸನ್ನು ಮುದ್ದಿಸುವವರಂತೆ ಎರಡೂ ಕೈಯಿಂದ ಅದರ ಎರಡೂ ಕಿವಿ ಹಿಡಿದು, "ಏನ್ ಬಂಗಾರಾ, ನನ್ ಮ್ಯಾಲ್ಯಾಕ ನಿನಗ ಸಿಟ್ಟು?" ಅಂತ ಸವರಿದಳು. ಸೋನು ಮೈ ಬಿಗಿ ಹಿಡಿದು, ಮುಖ ಆಚೆ ತಿರುಗಿಸಿ ಗುರ್ ಅಂದಿತು.

ಅತ್ತೆ ಬೆಂಚಿನ ಮೇಲಿಂದ "ಹಾಂ!" ಅಂದರು.

ನಾನು ನಿಧಾನಕ್ಕೆ ಕಿವಿ ಎತ್ತಿ ಟಾರ್ಚ್ ಬಿಟ್ಟೆ. ಒಳಗೆ ಕೆಂಪಗೆ ಹುಣ್ಣಾಗಿ ಸೋರುತ್ತಿತ್ತು. ವಾಸನೆ ಬೇರೆ. ಇಷ್ಟು ದಿನ ಆ ನೋವು ಹೊತ್ತುಕೊಂಡು ಸೋನು ಬರೀ ಗುರ್ ಅಂದಿದ್ದೇ ದೊಡ್ಡ ಮಾತು, ಇನ್ನೊಂದಾಗಿದ್ದರೆ ಎಂದೋ ಕಚ್ಚುತ್ತಿತ್ತು ಅಂದೆ. "ಮನ್ಯಾಗ ಇದರ ಕಿವಿ ಮುಟ್ಟಿ ಮುದ್ದು ಮಾಡಾಕಿ ನೀವೊಬ್ಬರ. ಅದಕ ನಿಮಗಷ್ಟ ಗುರ್ ಅಂದೈತಿ."

ಸೊಸೆಯ ಕಣ್ಣು ತುಂಬಿಬಿಟ್ಟವು. "ಅಂದ್ರ ನಾ ದಿನಾ ಇದಕ ಬ್ಯಾನಿ ಮಾಡಾಕತ್ತಿದ್ನೇನ್ರಿ?"

ಆಗ ಬೆಂಚಿನ ಆ ತುದಿಯಿಂದ ಅತ್ತೆಯೇ ಎದ್ದು ಬಂದರು. ನನ್ನ ಮೂಲಕ ಅಲ್ಲ, ನೇರವಾಗಿಯೇ ಮಾತಾಡಿದರು. "ಅಳಬ್ಯಾಡ ಬಿಡವಾ. ಕಿವಿ ಒಳಗ ಏನೈತಿ ಅಂತ ನಿನಗೇನ್ ಕನಸು ಬಿದ್ದಿತ್ತೇನು? ಇಷ್ಟ ವರ್ಷ ಸಾಕಿದಾಕಿ ನನಗ ಗೊತ್ತಾಗ್ಲಿಲ್ಲ." ಅಂದು ಸೆರಗಿನಿಂದ ಅವಳ ಕಣ್ಣೊರೆಸಿದರು. ಮಗ ಗೋಡೆಗೆ ಒರಗಿ, ಬಹಳ ದಿನಗಳ ಮೇಲೆ ಉಸಿರು ಬಿಟ್ಟವನಂತೆ ನಿಂತ.

ಕಿವಿಗೆ ಹಾಕುವ ಔಷಧ ಬರೆದುಕೊಟ್ಟೆ. ಹಾಕುವವರು ಯಾರು ಅನ್ನುವ ಪ್ರಶ್ನೆ ಬಂತು. ಅತ್ತೆ ಮುಂದೆ ಬಂದರು. "ಇಕಿ ಅಂಜ್ಯಾಳ. ನನಗ ಅದು ಗುರ್ ಅನ್ನಂಗಿಲ್ಲ. ನಾನ ಹಾಕ್ತೀನಿ." ಹಾಕುವ ಮುಂಚೆಯೂ ಆಮೇಲೂ ಒಂಚೂರು ಬೆಣ್ಣೆ ನೆಕ್ಕಿಸಿ ಅಂತ ಹೇಳಿದೆ. "ಅದಕ್ಯಾಕ್ರಿ ಬೆಣ್ಣಿ, ಅದು ನಾ ಹೇಳಿದ್ದು ಕೇಳತೈತಿ," ಅಂದು ಹೋದರು.

ವಾರ ಕಳೆಯುವುದರೊಳಗೆ ಸೊಸೆಯ ಫೋನು. ನಗು ತಡೆಯಲಾಗದೆ ಮಾತೇ ಬರುತ್ತಿಲ್ಲ ಅವಳಿಗೆ. ಕಿವಿ ಮಾಯುತ್ತಿದೆಯಂತೆ. ಆದರೆ ಅತ್ತೆ ಔಷಧದ ಬಾಟಲಿ ಹಿಡಿದು ಪಡಸಾಲೆಗೆ ಬಂದರೆ ಸಾಕು, ಸೋನು ಓಡಿ ಬಂದು ಸೊಸೆಯ ಸೀರೆ ನೆರಿಗೆಯ ಹಿಂದೆ ನಿಂತು, ಅಲ್ಲಿಂದ ಅತ್ತೆಗೆ ಗುರ್ ಅನ್ನುತ್ತದಂತೆ.

ಅಷ್ಟರಲ್ಲಿ ಅತ್ತೆ ಫೋನು ಕಸಿದುಕೊಂಡರು. "ಡಾಕ್ಟರಮ್ಮಾ, ನೀವ ನ್ಯಾಯ ಹೇಳ್ರಿ. ಇಕಿನ ಏನೋ ಕಲಿಸ್ಯಾಳ!"

ಹಟ್ಟಿಯ ನಿದ್ದೆ

ಇದು ಸಣ್ಣದು. ಹಟ್ಟಿಯಲ್ಲಿ ಚಿನ್ನದ ಗಣಿಗೆ ಪಾಳಿಯ ಮೇಲೆ ಹೋಗುವ ಒಬ್ಬರ ಮನೆಗೆ ನಾಯಿ ನೋಡಲು ಹೋಗಿದ್ದೆ. ಯಜಮಾನರು ಪಾಳಿ ಮುಗಿಸಿ ಬಂದು ಹಗಲಲ್ಲಿ ಮಂಚದ ಮೇಲೆ ಮಲಗುತ್ತಾರೆ. ಮಂಚದ ಕೆಳಗೆ ಮುದಿ ನಾಯಿ ಮಲಗುತ್ತದೆ. ಕಸ ಹೊಡೆಯಲು ಹೋಗಿ ನಾಯಿಗೆ ಕೈ ತಾಗಿದರೆ ಗುರ್ ಅಂತ ಮೈಮೇಲೆ ಬರುತ್ತದೆ ಅನ್ನುವುದು ಅವರ ಹೆಂಡತಿಯ ದೂರು.

ವಯಸ್ಸಾದ ನಾಯಿ, ಕಿವಿ ಮಂದ, ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಗುರ್ ಅನ್ನುತ್ತದೆ, ಮುಟ್ಟಬೇಡಿ ಅಂದೆ. "ದೂರ ನಿಂತು ಕಾಲಿಲೆ ನೆಲ ಬಡೀರಿ. ನೆಲ ಅದುರಿದ್ದು ಮೈಗೆ ತಿಳಿದು ತಾನ ಏಳತೈತಿ."

ಮುಂದಿನ ಸಲ ಹೋದಾಗ ಆಯಮ್ಮ ಬಾಗಿಲಲ್ಲೇ ಹಿಡಿದರು. "ನಿಮ್ಮ ಉಪಾಯ ನಮ್ಮ ಊರಾಗ ನಡ್ಯಾಂಗಿಲ್ರಿ ಮೇಡಂ. ಕೆಳಗ ಗಣ್ಯಾಗ ಮದ್ದು ಹಾರಿಸಿದ್ರ ನಮ್ಮ ಮನ್ಯಾಗ ಗಂಗಾಳ ಅಲಗ್ಯಾಡ್ತಾವ. ಅದಕ್ಕ ಏಳದ ನಾಯಿ ನನ್ನ ಕಾಲಿಗೆ ಏಳತೈತೇನ್ರಿ?"

ಹೌದಲ್ಲ ಅಂದುಕೊಂಡು, ಹಾಗಾದರೆ ಮೂಗು ಹಿಡಿಯೋಣ ಅಂದೆ. ಬೇಯಿಸಿದ ಕೋಳಿಯ ಒಂದು ಬಿಸಿ ತುಂಡನ್ನು ದೂರದಿಂದ, ಕೋಲಿನ ತುದಿಗೆ ಸಿಕ್ಕಿಸಿ ಮಂಚದ ಕೆಳಗೆ ಹಿಡಿದು ನೋಡಿ ಅಂದೆ. ಅದೇ ವಾರ ಫೋನು ಬಂತು.

"ಬರೋಬ್ಬರಿ ಆತ್ರಿ ಮೇಡಂ! ಗುರ್ ಇಲ್ಲ, ಏನಿಲ್ಲ. ಬಾಲ ಅಲ್ಲಾಡಿಸಿಕೋತ ಎದ್ದು ಬಂತು. ಆದ್ರ ಅದರಕಿಂತ ಮೊದಲ ಮಂಚದ ಮ್ಯಾಲಿನವರು ಎದ್ದು ಕುಂತಿದ್ರು!"

ಅಜ್ಜಿಯ ನಮಸ್ಕಾರ

ಸಿಂಧನೂರಿನಲ್ಲಿ ನಮ್ಮ ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಮನೆಯಲ್ಲಿ ಹಗಲೆಲ್ಲ ಅಜ್ಜಿ, ಮೊಮ್ಮಗಳು, ಮತ್ತು ಚಿಂಟು ಅನ್ನುವ ನಾಯಿ. ಅಜ್ಜಿ ದಿನಾ ಬುದ್ಧನ ಫೋಟೋದ ಮುಂದೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಶಾಂತವಾಗಿ ಕೂರುತ್ತಾರೆ. ಅದೇ ಹೊತ್ತಿಗೆ ಮೊಮ್ಮಗಳು ಒಂದು ಹಳೆಯ ಟವೆಲಿನ ಈ ತುದಿ, ಚಿಂಟು ಆ ತುದಿ ಹಿಡಿದು ಜಗ್ಗಾಡುತ್ತಾರೆ. ಚಿಂಟು ಗುರ್ರೋ ಗುರ್ರು. ಒಂದು ಸಂಜೆ ಅಜ್ಜಿ ಶಾಂತಿ ಗೀಂತಿ ಬಿಟ್ಟು ಎದ್ದು, ಒಂದು ಬಕೆಟ್ ನೀರು ತಂದು ಇಬ್ಬರ ಮೇಲೂ ಸುರಿದುಬಿಟ್ಟರು. ಆಮೇಲೆ ನನ್ನನ್ನು ಕರೆಸಿದರು.

"ನಾಯಿ ಕೂಸಿನ ಮ್ಯಾಲ ಗುರ್ ಅನ್ನಾಕತ್ತೈತಿ. ಬಿಟ್ಟುಬರೂಣು ಅಂದ್ರ ಮೊಮ್ಮಗಳು ಉಣ್ಣಲಾರದ ಕುಂತಾಳ. ನನ್ನ ಜೀವ ಹೊಡಕೋತೈತ್ರಿ," ಅಂದರು.

ನಾನು ಅಂಗಳದಲ್ಲಿ ಕೂತು ಇಬ್ಬರ ಆಟ ನೋಡಿದೆ. ಆಮೇಲೆ ಹೇಳಿದೆ, "ಅಜ್ಜಿ, ಇದು ಆಟದ ಗುರ್. ಮೈ ನೋಡ್ರಿ, ಎಷ್ಟು ಸಡಿಲ ಐತಿ. ನಡುನಡುವ ಟವೆಲ್ ಬಿಟ್ಟು ಮತ್ತ ಬರತೈತಿ. ಮೈ ಬಿಗಿಹಿಡಿದು, ಕಣ್ಣು ನಟ್ಟು ಗುರ್ ಅಂದ್ರ ಆಗ ಅಂಜಬೇಕು. ದೊಡ್ಡವರು ಒಬ್ಬರು ಮುಂದಿದ್ದು ಆಡಿಸ್ರಿ, ಜೋರಾದ್ರ ನಿಲ್ಲಸ್ರಿ, ಸಾಕು. ಇನ್ನೊಂದು ಗುರ್ತು ಐತಿ. ಮುಂಗಾಲು ನೆಲಕ್ಕ ಚಾಚಿ, ಎದಿ ಕೆಳಗ ಮಾಡಿ, ಹಿಂಭಾಗ ಮ್ಯಾಲೆತ್ತಿದ್ರ 'ಆಡೂಣು ಬಾ' ಅಂತ ಅರ್ಥ."

"ಹೆಂಗ ಹೆಂಗ? ಹಿಂಗೇನು?" ಅಂದ ಅಜ್ಜಿ, ನಾನು ಬೇಡ ಅನ್ನುವುದರೊಳಗೆ ಎರಡೂ ಕೈ ನೆಲಕ್ಕೆ ಊರಿ, ಬಗ್ಗಿ, ನನಗೇ ಮಾಡಿ ತೋರಿಸಿದರು. ಅಚ್ಚುಕಟ್ಟಾಗಿತ್ತು. ಆದರೆ ಅಲ್ಲೇ 'ಕಟಕ್' ಅಂದಿತು. ಸೊಂಟ ಹಿಡಿಯಿತು. ಏಳಲಾಗುತ್ತಿಲ್ಲ, ಕೂರಲಾಗುತ್ತಿಲ್ಲ.

ಇದನ್ನು ನೋಡಿದ ಚಿಂಟು ಸಂಭ್ರಮದಿಂದ ಓಡಿ ಬಂದು, ಅಜ್ಜಿಯ ಮೂಗಿಗೆ ಮೂಗು ಹಚ್ಚಿ, ತಾನೂ ಹಾಗೇ ಬಗ್ಗಿ, ಬಾಲ ಬೀಸುತ್ತಾ ಗುರ್ ಅಂದಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಅಜ್ಜಿ ಬಗ್ಗಿದಲ್ಲಿಂದಲೇ ಹೇಳಿದರು, "ಹೌದವಾ, ನೀ ಹೇಳಿದ್ದು ಖರೇ ಐತಿ, ಆಡಾಕ ಕರ್ಯಾಕತ್ತೈತಿ. ಈಗ ನನ್ನ ಕಡೆ ಬಾ. ದನದ ಡಾಕ್ಟರಾದ್ರ ಏನಾತು, ನಾನೂ ಈಗ ನಾಕ ಕಾಲ ಮ್ಯಾಲ ಅದೀನಿ."

ಟೈಗರ್ ಮಾತಾಡಿದ್ದು

ಬಳಗಾನೂರು ಕಡೆಯ ಒಬ್ಬ ಅಕ್ಕಿ ಗಿರಣಿ ಮಾಲೀಕರು. ಕೆನಾಲ್ ನೀರಿನ ಭತ್ತ, ಎರಡು ಲಾರಿ, ದೊಡ್ಡ ಮೀಸೆ, ಮೀಸೆಯಷ್ಟೇ ದೊಡ್ಡ ದನಿ. ಅವರ ನಾಯಿ ಟೈಗರ್. ಎಳೆಯದಿದ್ದಾಗ ಅದು ಗುರ್ ಅಂದಾಗಲೆಲ್ಲ ಮೂತಿಗೆ ಒಂದು ಏಟು ಕೊಟ್ಟು ಕೊಟ್ಟು ಅವರು ಆ ಚಾಳಿ ಬಿಡಿಸಿದ್ದರು. "ಶಿಸ್ತು ಅಂದ್ರ ಟೈಗರ್ ನೋಡ್ರಿ. ಮನ್ಯಾಗ ಯಾರ ಬಂದ್ರೂ ಗುರ್ ಅಂತ ಒಂದ ಸಪ್ಪಳ ಇಲ್ಲ," ಅಂತ ಬಂದವರೆದುರೆಲ್ಲ ಹೇಳುತ್ತಿದ್ದರು.

ಒಂದು ದಿನ ಅವರ ಅಕ್ಕನ ಗಂಡ, ಅಂದರೆ ಭಾವ, ಮನೆಗೆ ಬಂದರು. ಮಲಗಿದ್ದ ಟೈಗರ್‌ನ ಮೇಲೆ ಬಗ್ಗಿ, ಕುತ್ತಿಗೆಗೆ ಕೈ ಹಾಕಿ, "ಏನಲೇ ಹುಲಿ!" ಅಂದರು. ಟೈಗರ್ ಏನೂ ಅನ್ನಲಿಲ್ಲ. ಭಾವ ಇನ್ನೂ ಗಟ್ಟಿಯಾಗಿ ಅಪ್ಪಿದರು. ಆಗಲೂ ಏನೂ ಅನ್ನಲಿಲ್ಲ. ಸಾಕಾಯಿತೇನೋ ಅಂತ ಭಾವ ಎದ್ದು ತಿರುಗಿದ್ದೇ ತಡ, ಟೈಗರ್ ಒಂದು ಸದ್ದಿಲ್ಲದೆ ಎದ್ದು, ಹಿಂದಿನಿಂದ, ಕೂರುವ ಜಾಗಕ್ಕೇ ಬಾಯಿ ಹಾಕಿತು.

ಗಾಯವನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಸೂಜಿ ಕೊಡಿಸಿದರು. ಆದರೆ ಮನಸ್ಸಿನ ಗಾಯಕ್ಕೆ ಸೂಜಿ ಇಲ್ಲವಲ್ಲ. "ಆ ನಾಯಿ ಇರೂತನಕ ನಿನ್ನ ಹೊಸ್ತಿಲಾ ತುಳಿಯಂಗಿಲ್ಲ. ನಿಮ್ಮ ಅಕ್ಕನೂ ಬರಂಗಿಲ್ಲ," ಅಂದುಬಿಟ್ಟರು ಭಾವ. ಈ ಮಾಲೀಕರಿಗೆ ಅಕ್ಕ ಅಂದರೆ ತಾಯಿ. ಸಾಕಿದವಳೇ ಅವಳು.

ಮರುದಿನ ಅವರು ಜೀಪಿನಲ್ಲಿ ಟೈಗರ್ ಹಾಕಿಕೊಂಡು ಸಿಂಧನೂರಿಗೆ ನನ್ನ ಹತ್ತಿರ ಬಂದರು. ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಇದಕ ಒಂದ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡ್ರಿ ಮೇಡಂ," ಅಂದರು. ಹಾಗನ್ನುವಾಗ ಅವರ ಕೈ ಟೈಗರ್‌ನ ತಲೆ ಬಿಟ್ಟಿರಲಿಲ್ಲ. ಕಣ್ಣು ಕೆಂಪಾಗಿದ್ದವು.

ಟೈಗರ್‌ನ ಲಸಿಕೆ ಎಲ್ಲ ಸರಿಯಾಗಿತ್ತು. ಕೂರಿಸಿ, ಚಹಾ ತರಿಸಿ, ನಡೆದಿದ್ದೆಲ್ಲ ಕೇಳಿದೆ. ಆಮೇಲೆ ಕೇಳಿದೆ, "ನಿಮ್ಮ ಲಾರಿ ಡ್ರೈವರ್ ಹಾರ್ನ್ ಹೊಡದಾಗೊಮ್ಮೆ ನೀವು ಅವನ ಕಪಾಳಕ್ಕ ಹೊಡದ್ರ ಏನಾಗ್ತೈತ್ರಿ?"

"ಹಾರ್ನ್ ಹೊಡಿಯೂದು ಬಿಡ್ತಾನ."

"ಲಾರಿ ನಿಲ್ತೈತೇನು?"

ಅವರು ಟೈಗರ್‌ನ ಮುಖ ನೋಡಿದರು. "ಅಂದ್ರ... ಇವ ಹೇಳಾಕ ನೋಡಿದ್ರ ನಾನ ಬಾಯಿ ಮುಚ್ಚಸೀನಿ," ಅಂದರು ಮೆಲ್ಲಗೆ.

ಮುಗಿಸುವ ಮಾತು ಬಿಡಿ, ಸ್ವಲ್ಪ ದಿನ ನಾನು ಹೇಳಿದಂತೆ ಮಾಡಿ ಅಂದೆ. ಬಂಧುಗಳು ಬಂದರೆ ಟೈಗರ್ ಬೇರೆ ಕೋಣೆಯಲ್ಲಿ. ಹೊರಗೆ ಕರೆದೊಯ್ಯುವಾಗ, ಹೊಲದಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಾರಲ್ಲ, ಅಂಥ ಜಾಲರಿ ಬಾಯಿಗೆ. ಮಲಗಿದವನ ಮೇಲೆ ಯಾರೂ ಬಗ್ಗಬಾರದು, ಅಪ್ಪಬಾರದು. ಅವನು ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಮೈ ಬಿಗಿ ಹಿಡಿದರೆ, ಅದೇ ಮಾತು ಅಂತ ತಿಳಿದು ಹಿಂದೆ ಸರಿಯಬೇಕು. ಮುಖ್ಯವಾಗಿ ಏಟು ಬಂದ್. "ಹೇಳಿದ್ರ ಇವರು ಕೇಳ್ತಾರ ಅಂತ ನಂಬಿಕಿ ಬಂದ ದಿನ ಅವ ಮತ್ತ ಗುರ್ ಅಂತಾನ. ಆ ದಿನ ನನಗ ಫೋನ್ ಮಾಡ್ರಿ," ಅಂದೆ.

ಅಲ್ಲಿಂದ ಶುರುವಾಯಿತು ನೋಡಿ. ಕೂಸಿನ ಮೊದಲ ಮಾತಿಗೆ ಕಾಯುವ ತಂದೆಯಂತೆ ಆ ಮನುಷ್ಯನದು ಮೇಲಿಂದ ಮೇಲೆ ಫೋನು. "ಇನ್ನೂ ಏನೂ ಅಂದಿಲ್ರಿ." "ಇವತ್ತ ತುಟಿ ಅಲಗ್ಯಾಡಿಸಿದ್ರಿ, ಸಪ್ಪಳ ಬರಲಿಲ್ಲ." "ನಿನ್ನಿ ಏನೋ ಅಂದಂಗಾತು ಅಂತ ಓಡಿ ಬಂದ್ನಿ, ನೋಡಿದ್ರ ಗಿರಣಿ ಬೆಲ್ಟು." ಅಕ್ಕ ಬಂದಿರಲಿಲ್ಲ. ಪ್ರತಿ ಫೋನಿನ ಕೊನೆಗೂ ಅದನ್ನು ಹೇಳದೆ ಇಡುತ್ತಿರಲಿಲ್ಲ.

ಹೀಗಿರುವಾಗ ನಮಗೊಂದು ಮೀಟಿಂಗ್. ಸುತ್ತಲಿನ ತಾಲೂಕುಗಳ ಡಾಕ್ಟರುಗಳೆಲ್ಲ ಒಂದು ಮೀಟಿಂಗ್ ಹಾಲಿನಲ್ಲಿ ಸೇರಿದ್ದೆವು. ಎದುರಿಗೆ ಮೇಲಿನ ಸಾಹೇಬರು. ಅವರು ಕನ್ನಡಕ ತೆಗೆದಿಟ್ಟು, "ಲಸಿಕೆ ಕೆಲಸ ಹಿಂದೆ ಬಿದ್ದಿದೆ. ಇನ್ನು ಮುಂದೆ ಭಾನುವಾರವೂ ಎಲ್ಲರೂ ಹಳ್ಳಿಗೆ ಹೋಗಬೇಕು. ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ," ಅಂದರು.

ಎಲ್ಲರ ಮುಖದಲ್ಲೂ ಆಕ್ಷೇಪಣೆ ಇತ್ತು, ಬಾಯಲ್ಲಿ ಇರಲಿಲ್ಲ. ಅದೇ ಗಳಿಗೆಗೆ ನನ್ನ ಫೋನು ನಡುಗಿತು. ಕಟ್ ಮಾಡಲು ಹೋದ ನನ್ನ ಬೆರಳು ಗಾಬರಿಯಲ್ಲಿ ಎತ್ತಿಕೊಳ್ಳುವ ಗುರುತನ್ನೇ ಒತ್ತಿತು. ಅದೂ ವಿಡಿಯೋ ಕರೆ. ಪೂರ್ತಿ ದನಿಯಲ್ಲಿ ಇಡೀ ಹಾಲಿಗೆ ಕೇಳಿಸಿತು:

"ಗುರ್ರ್ರ್ರ್ರ್ರ್..."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸಾಹೇಬರೂ ನೋಡಿದರು. ನಾನು ಫೋನನ್ನು ಸೆರಗಿನಲ್ಲಿ ಮುಚ್ಚಿದೆ. ಸೆರಗಿನೊಳಗಿಂದ ಗಿರಣಿ ಮಾಲೀಕರ ದನಿ ಹೊರಗೆ ಹಾರಿತು. "ಕೇಳಿದ್ರೇನ್ರಿ ಮೇಡಂ? ಅಂದ! ನಮ್ಮ ಟೈಗರ್ ಗುರ್ ಅಂದ! ಮನಿಮಂದಿ ಎಲ್ಲಾ ಕುಣ್ಯಾಕತ್ತೀವ್ರಿ! ಪೇಢೆ ತರಾಕ ಕಳಸೀನಿ! ಭಾವಾ, ನೀವ ಹೇಳ್ರಿ ಮೇಡಮ್ಮಾರಿಗೆ!"

ಆಮೇಲೆ ಇನ್ನೊಂದು ದನಿ, ಹೆಮ್ಮೆಯಿಂದ ಉಬ್ಬಿದ್ದು. "ಖರೇ ಐತ್ರಿ ಮೇಡಂ. ನನಗ ಅಂದ. ನಮ್ಮಾಕಿ ಅತ್ತು ಕರದು ಇವತ್ತ ಎಳಕೊಂಡು ಬಂದಿದ್ಲು. ಬಾಗಿಲದಾಗ ಒಂದ ಹೆಜ್ಜಿ ಇಟ್ಟೆ, ಆ ಕ್ವಾಣ್ಯಾಗಿಂದ ಗುರ್ ಅಂದ. ನಾ ಹಿಂದ ಸರದೆ, ಅವ ಸುಮ್ಮನಾದ. ನಿಮಗ ಕೇಳಸಾಕಂತ ಈಗ ಮತ್ತೊಂದ ಹೆಜ್ಜಿ ಇಟ್ಟೆ, ಮತ್ತ ಅಂದ. ಎಷ್ಟ ಮರ್ಯಾದಸ್ತ ನಾಯಿರೀ! ಹೋದ ಸಲ ಹೇಳಲಾರದ ಕಡಿದಿದ್ದ, ಈ ಸಲ ಹೇಳ್ಯಾನ!" ಹಿಂದೆ ಹೆಂಗಸೊಬ್ಬಳ ನಗು, ಅಳು ಎರಡೂ ಕೂಡಿದ ದನಿ ಕೇಳಿತು. ಅಕ್ಕ ಅಂತ ನನಗೆ ತಿಳಿಯಿತು. ಕಣ್ಣು ಮಂಜಾದವು. ಎಲ್ಲಿದ್ದೇನೆ ಅನ್ನುವುದು ಮರೆತು, "ಶಭಾಷ್ ಟೈಗರ್!" ಅಂದುಬಿಟ್ಟೆ.

ಅಂದಮೇಲೆ ನೆನಪಾಯಿತು. ಫೋನು ಆರಿಸಿ ಎದ್ದು ನಿಂತೆ. "ಕ್ಷಮಿಸಿ ಸರ್,"  ಅಂದೆ.

ಸಾಹೇಬರು ಕನ್ನಡಕ ಹಾಕಿಕೊಂಡರು. ಸಾಲಾಗಿ ತಲೆ ತಗ್ಗಿಸಿ ಕೂತ ನಮ್ಮ ಡಾಕ್ಟರುಗಳನ್ನೆಲ್ಲ ಈ ತುದಿಯಿಂದ ಆ ತುದಿವರೆಗೆ ಒಮ್ಮೆ ನೋಡಿದರು. ಅವರ ಮೂಲ ಭಾಷೆಯೂ ನಮ್ಮ ಕಡೆಯದೇ ಅಂತ ನನಗೆ ಗೊತ್ತಾಗಿದ್ದು ಆಗಲೇ.

"ಇಷ್ಟ ಮಂದ್ಯಾಗ ಬಾಯಿ ಬಿಟ್ಟು ಹೇಳಾಂವ ಅವ ಒಬ್ಬನ ನೋಡ್ರಿ," ಅಂದರು. "ಭಾನುವಾರದ್ದು ಬ್ಯಾಡ. ಅವ ಹೇಳಿದ ಮ್ಯಾಲೂ ನಾ ಹಿಂದ ಸರೀಲಿಲ್ಲಂದ್ರ, ಮುಂದಿನ ಸಲ ನೀವೆಲ್ಲಾ ಕೂಡೇ ಕಡಿತೀರಿ."